ಆಸರೆಯ ತಂತ್ರಜ್ಞಾನ ನಿಂತುಹೋದಾಗ ಹಳೆಯ ಸಾಫ್ಟ್‌ವೇರಿನ ಹೊಣೆ ಯಾರದು?

ಕಂಪನಿಯೊಂದರ ಲೆಕ್ಕಪತ್ರ, ಸಂಬಳ, ಸ್ಟಾಕು ನೋಡಿಕೊಳ್ಳುವ ಸಾಫ್ಟ್‌ವೇರ್ ತಾನಾಗಿ ಹಳಸುವುದಿಲ್ಲ. ಹತ್ತು ವರ್ಷದ ಹಿಂದೆ ಬರೆದ ಕೋಡ್ ಇವತ್ತಿಗೂ ಒಂದಕ್ಷರ ಬದಲಾಗದೆ ಹಾಗೇ ಇರುತ್ತದೆ. ಆದರೂ ಒಂದು ದಿನ ಬೆಳಿಗ್ಗೆ ಇನ್‌ವಾಯ್ಸ್ ಪ್ರಿಂಟ್ ಆಗುವುದಿಲ್ಲ. ಇಲ್ಲವೇ ಬ್ಯಾಂಕಿಗೆ ಹೋಗಬೇಕಿದ್ದ ಸಂಬಳದ ಫೈಲ್ ಹೋಗದೆ ಅಲ್ಲೇ ಉಳಿಯುತ್ತದೆ. ತಪ್ಪು ಆ ಸಾಫ್ಟ್‌ವೇರಿನದ್ದಲ್ಲ. ಅದು ನೆಚ್ಚಿಕೊಂಡಿದ್ದ ಬ್ರೌಸರ್, ಬ್ರೌಸರಿನೊಳಗೆ ಸೇರಿಸುವ ಪ್ಲಗ್-ಇನ್ ಎಂಬ ಪುಟ್ಟ ಪ್ರೋಗ್ರಾಂ, ಜಾವಾ ಭಾಷೆಯ ವರ್ಷನ್ ಅಥವಾ ಭದ್ರತಾ ಪ್ರೋಟೋಕಾಲ್ ನಿಂತುಹೋಗಿರುತ್ತದೆ.

ಇದು ನಿನ್ನೆ ಮೊನ್ನೆ ಶುರುವಾದ ತೊಂದರೆ ಅಲ್ಲ, ಇದಕ್ಕೆ 60 ವರ್ಷದ ಇತಿಹಾಸವಿದೆ. ಆ ಇತಿಹಾಸವನ್ನು ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಹಳೆಯದನ್ನು ನಡೆಸಿಕೊಂಡು ಹೋಗುವ ಹೊಣೆ ಮೊದಲು ತಯಾರಕರದ್ದಾಗಿತ್ತು. ಅದು ಸ್ವಲ್ಪ ಸ್ವಲ್ಪವಾಗಿ ಬಳಸುವವರ ಹೆಗಲಿಗೆ ಬಂದಿದೆ. ಹೀಗೆ ಬಂದಿದೆ ಅನ್ನುವುದು ಎಷ್ಟೋ ಕಂಪನಿಗಳ ಮೇಲಿನವರಿಗೆ ಇನ್ನೂ ಗೊತ್ತಿಲ್ಲ.

ಹೊಣೆ ಹೊತ್ತ ತಯಾರಕರು

1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಕಂಪ್ಯೂಟರುಗಳನ್ನು ಘೋಷಿಸಿತು. ಅಲ್ಲಿಯವರೆಗೆ ಐಬಿಎಂನ ಒಂದು ಸಾಲಿನ ಕಂಪ್ಯೂಟರಿಗೆ ಬರೆದ ಪ್ರೋಗ್ರಾಂ ಅದೇ ಕಂಪನಿಯ ಇನ್ನೊಂದು ಸಾಲಿನಲ್ಲಿ ಓಡುತ್ತಿರಲಿಲ್ಲ. ದೊಡ್ಡ ಯಂತ್ರ ಕೊಂಡರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಿತ್ತು. 360ರಲ್ಲಿ ಚಿಕ್ಕದು ದೊಡ್ಡದು ಎನ್ನದೆ ಬಹುತೇಕ ಎಲ್ಲ ಯಂತ್ರಗಳಿಗೂ ಒಂದೇ ಇನ್‌ಸ್ಟ್ರಕ್ಷನ್ ಸೆಟ್, ಅಂದರೆ ಯಂತ್ರಕ್ಕೆ ಅರ್ಥವಾಗುವ ಆದೇಶಗಳ ಒಂದೇ ಪಟ್ಟಿ ಬಂತು. ಹಳೆಯ 1401 ಕಂಪ್ಯೂಟರಿನ ಪ್ರೋಗ್ರಾಂಗಳು ಓಡಲಿ ಎಂದು ಹಳೆಯ ಯಂತ್ರದಂತೆ ನಟಿಸುವ ಎಮ್ಯುಲೇಟರ್ ಕೂಡ ಕೊಟ್ಟರು.

ಹಳೆಯ ಪ್ರೋಗ್ರಾಂ ಹೊಸ ಯಂತ್ರದಲ್ಲೂ ಓಡುತ್ತದೆ ಎಂಬ ಮಾತನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಸಣ್ಣ ಉದಾಹರಣೆ ನೋಡಿ. 360ರಲ್ಲಿ ಮೆಮೊರಿ ವಿಳಾಸ 24 ಬಿಟ್‌ನದ್ದು. ಆದರೆ ಅದನ್ನು ಇಡುವ ಜಾಗ 32 ಬಿಟ್. ಉಳಿದ 8 ಬಿಟ್ ಖಾಲಿ ಇತ್ತು. ಆಗ ಮೆಮೊರಿ ತುಂಬಾ ದುಬಾರಿ. ಪ್ರೋಗ್ರಾಮರ್‌ಗಳು ಆ ಖಾಲಿ ಜಾಗದಲ್ಲಿ ತಮ್ಮದೇ ಗುರುತುಗಳನ್ನು ಇಟ್ಟುಕೊಂಡರು. 1980ರ ದಶಕದಲ್ಲಿ ಜಾಸ್ತಿ ಮೆಮೊರಿ ಬೇಕಾಗಿ ವಿಳಾಸವನ್ನು ಹಿಗ್ಗಿಸಲು ಹೊರಟಾಗ ಆ ಗುರುತುಗಳು ಅಡ್ಡ ಬಂದವು. ಅವನ್ನೂ ವಿಳಾಸ ಎಂದು ಓದಿದರೆ ಹಳೆಯ ಪ್ರೋಗ್ರಾಂ ಎಲ್ಲೆಲ್ಲೋ ಹೋಗುತ್ತದೆ. ಹಾಗಾಗಿ ಹೊಸ ವಿಳಾಸಕ್ಕೆ 31 ಬಿಟ್ ಮಾತ್ರ ಬಳಸಿದರು, ಹಳೆಯ ಪ್ರೋಗ್ರಾಂಗಳಿಗೆ 24 ಬಿಟ್‌ನ ರೀತಿಯನ್ನೂ ಉಳಿಸಿಕೊಟ್ಟರು. 2000ದಲ್ಲಿ 64 ಬಿಟ್ ಬಂದ ಮೇಲೂ ಅದು ಉಳಿಯಿತು. ಯಾರೋ 1960ರ ದಶಕದಲ್ಲಿ ಜಾಗ ಉಳಿಸಲು ಮಾಡಿದ ಉಪಾಯವನ್ನು ತಯಾರಕರು ದಶಕಗಳ ಕಾಲ ಕಾಪಾಡಿದರು. ಎಂಜಿನಿಯರಿಂಗ್‌ನಲ್ಲಿ ಇಂಥ ನಿಷ್ಠೆ ಅಪರೂಪ.

ಮೈಕ್ರೋಸಾಫ್ಟ್ ಕೂಡ ಬಹಳ ಕಾಲ ಇದೇ ದಾರಿ ಹಿಡಿಯಿತು, ಆದರೆ ಅರ್ಧ ಮಾತ್ರ. 1998ರ ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕವಿಲ್ಲದಷ್ಟು ಆಫೀಸು ಪ್ರೋಗ್ರಾಂಗಳು ಹುಟ್ಟಿದವು. 2002ರಲ್ಲಿ ಬಂದ ಡಾಟ್‌ನೆಟ್ ವಿಷುಯಲ್ ಬೇಸಿಕ್ ಎಷ್ಟು ಬೇರೆಯಾಗಿತ್ತೆಂದರೆ, ಹಳೆಯ ಕೋಡ್ ಅದರಲ್ಲಿ ಹಾಗೇ ನಡೆಯಲಿಲ್ಲ. 2005ರಲ್ಲಿ ಮೈಕ್ರೋಸಾಫ್ಟ್‌ನಿಂದಲೇ ಗೌರವ ಪಡೆದಿದ್ದ ಅನೇಕ ಪರಿಣತರು ಹಳೆಯದನ್ನು ಮುಂದುವರಿಸಿ ಎಂದು ಮನವಿಗೆ ಸಹಿ ಹಾಕಿದರು. ಕಂಪನಿ ಒಪ್ಪಲಿಲ್ಲ. 2008ರ ಏಪ್ರಿಲ್‌ನಲ್ಲಿ ಆ ಪ್ರೋಗ್ರಾಂಗಳನ್ನು ಬರೆಯುವ ಸಾಧನಕ್ಕೆ ಸಪೋರ್ಟ್ ನಿಂತಿತು. ಓಡಿಸಲು ಬೇಕಾದ ರನ್‌ಟೈಮ್ ಮಾತ್ರ ಇವತ್ತಿನ ವಿಂಡೋಸ್‌ನಲ್ಲೂ ಇದೆ. ಅಂದರೆ ಪ್ರೋಗ್ರಾಂ ಓಡುತ್ತದೆ, ಅದನ್ನು ತಿದ್ದುವುದೇ ಕಷ್ಟ.

ಬ್ರೌಸರ್ ನಂಬಿದ ಕಾಲ

ದೊಡ್ಡ ಪೆಟ್ಟು ಬಿದ್ದಿದ್ದು ಬ್ರೌಸರಿನಿಂದ. 1990ರ ದಶಕದ ಕೊನೆಯಲ್ಲಿ ಬಿಸಿನೆಸ್ ಸಾಫ್ಟ್‌ವೇರ್ ಮಾರುವವರೆಲ್ಲ ಹೇಳಿದ್ದು ಒಂದೇ ಮಾತು. ಇನ್ನು ಪ್ರತಿ ಕಂಪ್ಯೂಟರಿಗೂ ಹೋಗಿ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು. ಕೇಳಲು ಚೆನ್ನಾಗಿತ್ತು. ಆದರೆ ಆಗಿನ ಬ್ರೌಸರಿಗೆ ಬರುತ್ತಿದ್ದದ್ದು ಬಹಳ ಕಮ್ಮಿ. ನೂರು ಸಾಲಿನ ವೋಚರ್ ಎಂಟ್ರಿ ಪರದೆ, ಫಂಕ್ಷನ್ ಕೀ ಒತ್ತಿದರೆ ತೆರೆಯುವ ಪಟ್ಟಿ, ನೇರವಾಗಿ ಪ್ರಿಂಟರಿಗೆ ಹೋಗುವ ಚೆಕ್, ಇವೆಲ್ಲ ಅದರ ಕೈಯಲ್ಲಿ ಆಗುತ್ತಿರಲಿಲ್ಲ. ಹಾಗಾಗಿ ಬ್ರೌಸರಿನೊಳಗೆ ಜಾವಾ ಆ್ಯಪ್ಲೆಟ್, ಆ್ಯಕ್ಟಿವ್‌ಎಕ್ಸ್, ಫ್ಲ್ಯಾಶ್, 2007ರಿಂದ ಸಿಲ್ವರ್‌ಲೈಟ್ ಕೂಡ ಬಂದು ಸೇರಿದವು. ಬ್ರೌಸರ್ ಅನ್ನುವುದು ಬರೀ ಹೊರಗಿನ ಚೌಕಟ್ಟಾಯಿತು, ಒಳಗಿನ ಕೆಲಸವೆಲ್ಲ ಪ್ಲಗ್-ಇನ್‌ನದ್ದು.

ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಬಂದಿದ್ದು 2001ರ ಆಗಸ್ಟ್‌ನಲ್ಲಿ. 7ನೇ ವರ್ಷನ್ ಬಂದಿದ್ದು 2006ರ ಅಕ್ಟೋಬರ್‌ನಲ್ಲಿ. ನಡುವಿನ ಐದು ವರ್ಷ ಕಂಪನಿಗಳು ಬ್ರೌಸರ್ ಅಂದರೆ ಇದೊಂದೇ ಎಂದುಕೊಂಡು ಸಾಫ್ಟ್‌ವೇರ್ ಬರೆಸಿದವು. ಅದರ ತಪ್ಪುಗಳನ್ನೂ ಲೆಕ್ಕಕ್ಕೆ ಹಿಡಿದೇ ಬರೆಸಿದವು. ಮುಂದಿನ ವರ್ಷನ್‌ಗಳಲ್ಲಿ ಆ ತಪ್ಪು ಸರಿಯಾದಾಗ ಪರದೆಗಳು ಕೆಟ್ಟವು.

ಪ್ಲಗ್-ಇನ್‌ಗಳ ತೊಂದರೆ ಇನ್ನೂ ಆಳದ್ದು. ಅವು ಕಂಪ್ಯೂಟರಿನೊಳಗೆ ಬಳಕೆದಾರನಷ್ಟೇ ಅಧಿಕಾರದಿಂದ ಓಡುತ್ತಿದ್ದವು. ಒಂದರಲ್ಲಿ ಕಿಂಡಿ ಸಿಕ್ಕರೆ ಇಡೀ ಯಂತ್ರ ಕಳ್ಳರ ಕೈಗೆ ಹೋಗುತ್ತಿತ್ತು. ಹಾಗಾಗಿ ಬ್ರೌಸರ್ ತಯಾರಕರು ಅವನ್ನು ಹೊರಗೆ ಹಾಕಿದ್ದು ತಪ್ಪಲ್ಲ. ಕ್ರೋಮ್ 2013ರಲ್ಲೇ ಸೂಚನೆ ಕೊಟ್ಟು 2015ರ ಸೆಪ್ಟೆಂಬರ್‌ನಲ್ಲಿ ಹಳೆಯ ಪ್ಲಗ್-ಇನ್ ದಾರಿಯನ್ನು ಪೂರ್ತಿ ಮುಚ್ಚಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ನಿಲ್ಲಿಸಿತು. 2018ರ ಸೆಪ್ಟೆಂಬರ್‌ನ ಜಾವಾ 11ರಲ್ಲಿ ಆ್ಯಪ್ಲೆಟ್ ಪ್ಲಗ್-ಇನ್ ಇರಲಿಲ್ಲ. ಅದರ ಬದಲಿಗೆ ಹಲವರು ಹಿಡಿದಿದ್ದ, ಬ್ರೌಸರಿನ ಹೊರಗೆ ಪ್ರೋಗ್ರಾಂ ಓಡಿಸುವ ಜಾವಾ ವೆಬ್ ಸ್ಟಾರ್ಟ್ ಕೂಡ ಇರಲಿಲ್ಲ. ಒರಾಕಲ್ ಕಂಪನಿಯ ಫಾರ್ಮ್ಸ್ ಎಂಬ ಸಾಧನದಲ್ಲಿ ಕಟ್ಟಿದ ಪರದೆಗಳನ್ನು ನಂಬಿದ ಕಂಪನಿಗಳು ಮೊದಲು ಆ್ಯಪ್ಲೆಟ್‌ನಿಂದ ವೆಬ್ ಸ್ಟಾರ್ಟ್‌ಗೆ ಹೋಗಬೇಕಾಯಿತು. ಆಮೇಲೆ ಬ್ರೌಸರೇ ಬೇಡದ ಬೇರೆ ಲಾಂಚರ್ ನೋಡಿಕೊಳ್ಳಬೇಕಾಯಿತು.

ಫ್ಲ್ಯಾಶ್‌ನದ್ದು ಎಲ್ಲರಿಗೂ ಮೊದಲೇ ಗೊತ್ತಿದ್ದ ಗಡುವು. 2017ರ ಜುಲೈನಲ್ಲೇ ಅದರ ತಯಾರಕ ಅಡೋಬಿ ತಾರೀಖು ಹೇಳಿತು. 2020ರ ಡಿಸೆಂಬರ್ 31ಕ್ಕೆ ಸಪೋರ್ಟ್ ಮುಗಿಯುತ್ತದೆ ಎಂದಿತು. ಮೂರು ವರ್ಷಕ್ಕಿಂತ ಜಾಸ್ತಿ ಸಮಯ ಸಿಕ್ಕಿತ್ತು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನೇ ಓಡಲು ನಿರಾಕರಿಸಿತು. ಆದರೂ ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಆನ್‌ಲೈನ್ ಫಾರಂಗಳು ಆಗಲೂ ಫ್ಲ್ಯಾಶ್‌ನಲ್ಲೇ ಇದ್ದವು. ಆ ತಿಂಗಳು ಇಲಾಖೆ ಫ್ಲ್ಯಾಶ್ ನಡೆಸುವ ತನ್ನದೇ ಬ್ರೌಸರ್ ಹೊರತರಬೇಕಾಯಿತು. ಒಂದು ದೇಶದ ತೆರಿಗೆ ಇಲಾಖೆ ಬ್ರೌಸರ್ ಹಂಚುವ ಸ್ಥಿತಿಗೆ ಬರಬಾರದಿತ್ತು, ಅಲ್ವಾ? ಅಲ್ಲಿನ ಎಂಜಿನಿಯರ್‌ಗಳ ಮೇಲೆ ಎಷ್ಟು ಒತ್ತಡ ಇದ್ದಿರಬೇಕು ಎಂದು ನೆನೆದರೆ ಬೇಸರವಾಗುತ್ತದೆ.

ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ 2022ರ ಜೂನ್ 15ರಂದು ಸಪೋರ್ಟ್ ಮುಗಿಯಿತು. ಹಳೆಯ ಸೈಟುಗಳಿಗಾಗಿ ಎಡ್ಜ್ ಬ್ರೌಸರಿನೊಳಗೆ ‘ಐಇ ಮೋಡ್’ ಉಳಿಸಿದ್ದಾರೆ. ಕಂಪನಿಯ ಐಟಿ ವಿಭಾಗ ಒಂದು ಪಟ್ಟಿ ಬರೆದಿಡುತ್ತದೆ. ಅದರಲ್ಲಿರುವ ವಿಳಾಸ ತೆರೆದರೆ ಆ ಟ್ಯಾಬ್‌ನಲ್ಲಿ ಹಳೆಯ ಎಂಜಿನ್ ಶುರುವಾಗುತ್ತದೆ. ಇದು ನಿಜವಾಗಲೂ ಉಪಕಾರ. ಆದರೆ ಪಟ್ಟಿಗೆ ಒಂದು ಸಾಲು ಸೇರಿಸಿದ ಕೂಡಲೇ ತೊಂದರೆ ಕಣ್ಣಿನಿಂದ ಮರೆಯಾಗುತ್ತದೆ. ಅದನ್ನು ಮತ್ತೆ ಯಾರೂ ತೆರೆದು ನೋಡುವುದಿಲ್ಲ.

ಕಾಣದೇ ಹೋಗುವ ಆಸರೆಗಳು

ಬ್ರೌಸರ್ ಕೆಟ್ಟರೆ ಕಣ್ಣಿಗಾದರೂ ಕಾಣುತ್ತದೆ. ಜಾಸ್ತಿ ಕಾಡುವುದು ಪರದೆಯೇ ಇಲ್ಲದ ಜಾಗದಲ್ಲಿ.

ಟಿಎಲ್‌ಎಸ್ ತೆಗೆದುಕೊಳ್ಳಿ. ಎರಡು ಕಂಪ್ಯೂಟರುಗಳು ಗುಟ್ಟಾಗಿ ಮಾತಾಡಲು ಬಳಸುವ ಪ್ರೋಟೋಕಾಲ್ ಅದು. 1.0 ಬಂದಿದ್ದು 1999ರಲ್ಲಿ, 1.2 ಬಂದಿದ್ದು 2008ರಲ್ಲಿ. ಕಾರ್ಡ್ ಪಾವತಿಯ ಭದ್ರತಾ ನಿಯಮಗಳು 2018ರ ಜೂನ್ 30ರೊಳಗೆ ಹಳೆಯದನ್ನು ಬಿಡಿ ಎಂದವು. 2021ರ ಮಾರ್ಚ್‌ನಲ್ಲಿ ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್ 1.0 ಮತ್ತು 1.1 ಎರಡನ್ನೂ ಅಧಿಕೃತವಾಗಿ ಕೈಬಿಟ್ಟಿತು. ಜಾವಾ 7ಕ್ಕೆ 1.2 ಗೊತ್ತಿತ್ತು. ಆದರೆ ತಾನಾಗಿ ಹೊರಗೆ ಸಂಪರ್ಕ ಮಾಡುವಾಗ ಅದನ್ನು ಬಳಸುತ್ತಿರಲಿಲ್ಲ, 1.0 ಹಿಡಿಯುತ್ತಿತ್ತು. ಜಾವಾ 8ರಲ್ಲಿ ಇದು ಬದಲಾಯಿತು. ಜಾವಾ 7ರ ಮೇಲಿದ್ದ ಸಂಬಳದ ಸಾಫ್ಟ್‌ವೇರ್ ಬ್ಯಾಂಕಿನ ಸರ್ವರಿಗೆ ಕೈ ಚಾಚುತ್ತದೆ, ಬ್ಯಾಂಕು 1.2 ಮಾತ್ರ ಒಪ್ಪುತ್ತದೆ, ಮೊದಲ ಹೆಜ್ಜೆಯಲ್ಲೇ ಸಂಪರ್ಕ ಮುರಿಯುತ್ತದೆ. ಲಾಗ್‌ನಲ್ಲಿ ‘ಹ್ಯಾಂಡ್‌ಶೇಕ್ ಫೇಲ್ಯೂರ್’ ಎಂಬ ಒಂದು ಸಾಲು ಮಾತ್ರ. ತಿದ್ದಲು ಸಣ್ಣದೊಂದು ಸೆಟ್ಟಿಂಗ್ ಸಾಕಾಗಬಹುದು. ಅದು ಯಾವುದು ಎಂದು ಕಂಡುಹಿಡಿಯಲು ಇಡೀ ರಾತ್ರಿ ಬೇಕು.

ಕ್ಲೌಡ್ ಬಂದ ಮೇಲೆ ತಾರೀಖು ನಿಗದಿ ಮಾಡುವವರು ಪೂರ್ತಿ ಬೇರೆಯವರಾದರು. 2022ರ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ತನ್ನ ಮೇಲ್ ಸೇವೆ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಮೇಲ್ ಓದುವ ಹಳೆಯ ದಾರಿಯನ್ನು ಮುಚ್ಚತೊಡಗಿತು. ಮೇಲ್‌ಬಾಕ್ಸ್‌ಗೆ ಬಂದ ಇನ್‌ವಾಯ್ಸ್‌ಗಳನ್ನು ಹಾಗೆ ಎತ್ತಿಕೊಳ್ಳುತ್ತಿದ್ದ ಪ್ರೋಗ್ರಾಂಗಳಿಗೆ ಅಲ್ಲಿಗೆ ದಾರಿ ಮುಗಿಯಿತು. ಮುಂಚೆ ಸ್ವಂತ ಸರ್ವರ್ ಇದ್ದಾಗ ಅಪ್‌ಗ್ರೇಡ್ ಮುಂದೂಡಬಹುದಿತ್ತು. ಈಗ ಆ ಆಯ್ಕೆ ಇಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಜಾವಾದ ಹೆಸರು ಬದಲಾದ ಪ್ರಸಂಗ. 2017ರಲ್ಲಿ ಒರಾಕಲ್, ಕಂಪನಿಗಳ ಸಾಫ್ಟ್‌ವೇರ್ ಕಟ್ಟಲು ಬಳಸುವ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಗೆ ಒಪ್ಪಿಸಿತು. ಕೋಡ್ ಕೊಟ್ಟರು, ಆದರೆ ‘ಜಾವಾಎಕ್ಸ್’ ಎಂದು ಶುರುವಾಗುವ ಪ್ಯಾಕೇಜುಗಳನ್ನು (ಕೋಡಿನ ಕಟ್ಟುಗಳನ್ನು) ಅದೇ ಹೆಸರಿನಲ್ಲಿ ಬೆಳೆಸಲು ಒಪ್ಪಂದ ಆಗಲಿಲ್ಲ. ಇದು 2019ರಲ್ಲಿ ಖಚಿತವಾಯಿತು. 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ ಆ ಪ್ಯಾಕೇಜುಗಳೆಲ್ಲ ‘ಜಕಾರ್ತಾ’ ಎಂದು ಶುರುವಾದವು. ಕೆಲಸ ಅದೇ, ಹೆಸರು ಮಾತ್ರ ಬೇರೆ. ಜಾವಾ ಪ್ರೋಗ್ರಾಂ ಓಡಿಸುವ ಸರ್ವರ್ ಟಾಮ್‌ಕ್ಯಾಟ್ 9 ಹಳೆಯ ಹೆಸರು ಗುರುತಿಸುತ್ತದೆ, 10 ಹೊಸದನ್ನು ಮಾತ್ರ. ಜಾವಾ ಪ್ರೋಗ್ರಾಂ ಕಟ್ಟಲು ಬಳಸುವ ಚೌಕಟ್ಟು, 2022ರ ನವೆಂಬರ್‌ನ ಸ್ಪ್ರಿಂಗ್ ಬೂಟ್ 3ಕ್ಕೆ ಹೊಸ ಹೆಸರು, ಜಾವಾ 17 ಎರಡೂ ಬೇಕು.

ನಮ್ಮ ಕೋಡಿನಲ್ಲಿ ಹೆಸರು ಬದಲಿಸುವುದು ಸುಲಭ. ಹುಡುಕಿ ಬದಲಾಯಿಸಿದರೆ ಒಂದು ಮಧ್ಯಾಹ್ನದ ಕೆಲಸ. ಆದರೆ ಅದರ ಜೊತೆಗೆ ಬೇರೆಯವರು ಬರೆದ ಹತ್ತಾರು ಲೈಬ್ರರಿಗಳಿರುತ್ತವೆ. ಅದರಲ್ಲೊಂದು ವರದಿ ತಯಾರಿಸುವ ಲೈಬ್ರರಿ, ಅದನ್ನು ಬರೆದವರು ಎಂದೋ ಕೈಬಿಟ್ಟಿರುತ್ತಾರೆ. ಅದು ಹಳೆಯ ಹೆಸರನ್ನೇ ಹುಡುಕುತ್ತದೆ. ಆ ಒಂದರಿಂದ ಇಡೀ ಅಪ್‌ಗ್ರೇಡ್ ನಿಲ್ಲುತ್ತದೆ. ಹಾಗಂತ ಹಳೆಯ ಸ್ಪ್ರಿಂಗ್‌ನಲ್ಲೇ ಉಳಿದರೆ ಉಚಿತ ಭದ್ರತಾ ಪ್ಯಾಚ್ ಸಿಗುವುದಿಲ್ಲ. ತಂತ್ರಜ್ಞಾನದ ಕಾರಣವೇ ಇಲ್ಲದೆ, ಬರೀ ಹೆಸರಿನ ಹಕ್ಕಿಗಾಗಿ ಲೋಕದ ಎಲ್ಲೆಡೆ ಇಷ್ಟು ಕೆಲಸ ಬಿತ್ತು. ಇದು ನ್ಯಾಯ ಅನ್ನಿಸುವುದಿಲ್ಲ.

ಮುಂದಿನ ತಾರೀಖುಗಳು

ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಎಸ್‌ಎಪಿಯ ಹಳೆಯ ಸಾಫ್ಟ್‌ವೇರ್ ಇಸಿಸಿ 6ಕ್ಕೆ ಮೊದಲು 2025ರ ಗಡುವಿತ್ತು. 2020ರ ಫೆಬ್ರವರಿಯಲ್ಲಿ ಅದನ್ನು 2027ರ ಕೊನೆಗೆ ಒಯ್ದರು. ಹೆಚ್ಚು ಹಣ ಕೊಟ್ಟರೆ 2030ರವರೆಗೆ. ಐಇ ಮೋಡ್ ಕನಿಷ್ಠ 2029ರವರೆಗೆ ಇರುತ್ತದೆ ಎಂದಿದ್ದಾರೆ. ಗಡುವು ಮುಂದೆ ಹೋದಾಗ ನಿಟ್ಟುಸಿರು ಬಿಟ್ಟು ಸುಮ್ನೆ ಕೂರುವುದೇ ಹೆಚ್ಚು ಕಂಡುಬರುತ್ತದೆ. ಸಿಕ್ಕ ಎರಡು ವರ್ಷದಲ್ಲಿ ಕೆಲಸ ಶುರು ಮಾಡಿದವರು ಕಮ್ಮಿ.

ನಿಭಾಯಿಸಿದ ತಂಡಗಳಲ್ಲಿ ಒಂದು ಅಭ್ಯಾಸ ಸಾಮಾನ್ಯ. ತಮ್ಮ ಸಾಫ್ಟ್‌ವೇರ್ ಯಾವ ಯಾವ ವರ್ಷನ್‌ಗಳನ್ನು ನಂಬಿದೆ, ಪ್ರತಿಯೊಂದಕ್ಕೂ ಸಪೋರ್ಟ್ ಯಾವಾಗ ಮುಗಿಯುತ್ತದೆ, ಯಾರು ನೋಡಿಕೊಳ್ಳುತ್ತಾರೆ ಎನ್ನುವ ಪಟ್ಟಿ ಅವರ ಹತ್ತಿರ ಇರುತ್ತದೆ. ಆ ಪಟ್ಟಿ ಬಜೆಟ್ ಮಾಡುವವರ ಮೇಜಿಗೂ ಹೋಗುತ್ತದೆ. ಬದಲಿಸಲು ಆಗದ್ದನ್ನು ಹೊರಗಿನ ನೆಟ್‌ವರ್ಕ್‌ಗೆ ಸಂಪರ್ಕವಿಲ್ಲದ ವರ್ಚುವಲ್ ಯಂತ್ರದಲ್ಲಿ (ಸಾಫ್ಟ್‌ವೇರಿನಿಂದಲೇ ಮಾಡಿದ ಕಂಪ್ಯೂಟರಿನಲ್ಲಿ) ಇಡುತ್ತಾರೆ, ಅದಕ್ಕೂ ಕೊನೆಯ ತಾರೀಖು ಬರೆದಿರುತ್ತಾರೆ. ಹೊಸ ವರ್ಷನ್ ಬಂದ ಕೂಡಲೇ ತಮ್ಮ ಸಾಫ್ಟ್‌ವೇರನ್ನು ಅದರ ಮೇಲೆ ಓಡಿಸಿ ನೋಡುತ್ತಾರೆ, ಗಡುವಿನ ವಾರದಲ್ಲಿ ಅಲ್ಲ.

ಸದ್ಯ ಆ ಪಟ್ಟಿಗಳಲ್ಲಿ ಹೆಚ್ಚಾಗಿ ತಪ್ಪಿಹೋಗಿರುವುದು ವಿಂಡೋಸ್‌ನಲ್ಲಿ ಸಣ್ಣ ಕೆಲಸಗಳಿಗೆ ಬಳಸುವ ವಿಬಿಸ್ಕ್ರಿಪ್ಟ್ ಭಾಷೆ. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸುವುದಾಗಿ ಹೇಳಿತು. ಈಗದು ವಿಂಡೋಸ್ 11ರಲ್ಲಿ ಬೇಕಾದರೆ ಇಟ್ಟುಕೊಳ್ಳುವ ಐಚ್ಛಿಕ ಭಾಗ. 2027ರ ಸುಮಾರಿಗೆ ತಾನಾಗಿ ಚಾಲೂ ಇರುವುದಿಲ್ಲ, ಆಮೇಲೆ ಪೂರ್ತಿ ತೆಗೆಯುತ್ತಾರೆ. ರಾತ್ರಿ ಫೈಲ್ ಸಾಗಿಸುವ ಸಣ್ಣ ಸ್ಕ್ರಿಪ್ಟುಗಳು, ಲಾಗಿನ್ ಆದಾಗ ಓಡುವ ಸ್ಕ್ರಿಪ್ಟುಗಳು, ಹಳೆಯ ಇನ್‌ಸ್ಟಾಲರ್‌ಗಳು ಅದನ್ನು ನಂಬಿವೆ. ಎಕ್ಸೆಲ್ ಮ್ಯಾಕ್ರೋಗಳಲ್ಲೂ ಅಕ್ಷರದ ನಮೂನೆ ಹುಡುಕಲು ಅದರ ರೆಗ್‌ಎಕ್ಸ್ ಎಂಬ ಭಾಗವನ್ನು ಎರವಲು ಪಡೆದವು ಬಹಳ ಇವೆ. ಅಂಥ ಮ್ಯಾಕ್ರೋಗಳು ಐಟಿ ವಿಭಾಗದ ಸರ್ವರಿನಲ್ಲಿ ಸಿಗುವುದಿಲ್ಲ. ಲೆಕ್ಕ ವಿಭಾಗದವರ ಸ್ವಂತ ಫೋಲ್ಡರುಗಳಲ್ಲಿ, ತಿಂಗಳ ಕೊನೆಗೆ ಮಾತ್ರ ತೆರೆಯುವ ಫೈಲುಗಳಲ್ಲಿ ಇರುತ್ತವೆ. ಅವರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ.