ಜನರೇಟರ್ ಕರೆಂಟು ಕಂಬದ ಕಡೆ ಹೋಗಬಾರದು

ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮಾವನ ಮನೆ. ಲೈನು ಬರುವುದೇ ಕಾಡಿನ ನಡುವೆ. ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಎರಡು ಮೂರು ದಿನ ಕತ್ತಲೆ. ನೀರಿಗೇನೂ ತೊಂದರೆ ಇಲ್ಲ, ಅಬ್ಬಿಯಿಂದ ತಾನೇ ಇಳಿದು ಬರುತ್ತದೆ. ಆದರೆ ಫ್ರಿಜ್, ಮಿಕ್ಸಿ, ಫೋನ್ ಚಾರ್ಜು? ಅದಕ್ಕೇ ಮಾವ 2 ಕೆವಿಎ (ಅಂದರೆ 2,000 ವೋಲ್ಟ್-ಆಂಪಿಯರ್) ಪೆಟ್ರೋಲ್ ಜನರೇಟರ್ ತಂದರು.

ಅದನ್ನು ಜೋಡಿಸಿದ್ದು ಎರಡೂ ತುದಿಗೆ ಪ್ಲಗ್ ಇರುವ ಒಂದು ವಯರಿನಿಂದ. ಒಂದು ತುದಿ ಜನರೇಟರ್‌ಗೆ, ಇನ್ನೊಂದು ಜಗಲಿಯ ಸಾಕೆಟ್ಟಿಗೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು, ಅಷ್ಟೇ ನಿಯಮ. ಒಂದು ಸಂಜೆ ಮಾವ ಅದನ್ನು ಮರೆತರು. ಅವತ್ತು ಮರ ಬಿದ್ದು ತುಂಡಾಗಿದ್ದು ನಮ್ಮ ಮನೆಗೆ ಬರುವ ಲೈನೇ. ಕೆಳಗೆ ರಸ್ತೆಯಲ್ಲಿದ್ದ ಲೈನ್‌ಮ್ಯಾನ್ ನಮ್ಮ ಮನೆಯ ದೀಪ ನೋಡಿ, ಮಳೆಯಲ್ಲೇ ಮೇಲೆ ಹತ್ತಿ ಬಂದ. "ಹೆಗಡೇರೇ, ಮೇನ್ ತೆಗೆದಿದೀರಾ?" ಅಂದ. ತೆಗೆದಿರಲಿಲ್ಲ. ತೋಟದ ಅಂಚಿನಲ್ಲಿ ಬಿದ್ದಿದ್ದ ಆ ಲೈನಿನಲ್ಲಿ ನಮ್ಮ ಜನರೇಟರಿನ 230 ವೋಲ್ಟ್ ಇತ್ತು. ಅವನು ಕೇಳದೆ ಕೈ ಹಾಕಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ನಡುಗುತ್ತದೆ.

ಲೈನು ತುಂಡಾಗದೆ ಇದ್ದರೆ ಅಪಾಯ ಇನ್ನೂ ದೂರದವರೆಗೆ ಮುಟ್ಟುತ್ತದೆ. ಊರಿನ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ನಮ್ಮ ಮನೆಯ ಮಟ್ಟಕ್ಕೆ ಇಳಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದರೊಳಗೆ ಇರುವುದು ಕಬ್ಬಿಣಕ್ಕೆ ಸುತ್ತಿದ ತಂತಿಯ ಸುರುಳಿಗಳು ಮಾತ್ರ. 1831ರಲ್ಲಿ ಮೈಕೆಲ್ ಫ್ಯಾರಡೆ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ, ಒಂದರಲ್ಲಿ ಕರೆಂಟು ಬದಲಾದರೆ ಇನ್ನೊಂದರಲ್ಲಿ ಕರೆಂಟು ಹುಟ್ಟುತ್ತದೆ ಅಂತ ಕಂಡುಕೊಂಡ. ಯಾವ ಸುರುಳಿ ಕೊಡುವುದು, ಯಾವುದು ಪಡೆಯುವುದು ಅನ್ನುವ ಭೇದ ಆ ಬಳೆಗೆ ಇಲ್ಲ. ಟ್ರಾನ್ಸ್‌ಫಾರ್ಮರಿಗೂ ಇಲ್ಲ. ಮನೆಯ ಕಡೆಯಿಂದ 230 ವೋಲ್ಟ್ ಕೊಟ್ಟರೆ ಆಚೆ ಸುಮಾರು 10,000 ವೋಲ್ಟ್ ಎದ್ದು ನಿಲ್ಲುತ್ತದೆ.

ಸಣ್ಣ ಜನರೇಟರು ಊರಿನ ಮನೆಗಳ ಲೋಡ್ ತಾಳದೆ ತಾನೇ ನಿಂತುಹೋಗುತ್ತದೆ ಅನ್ನುವವರಿದ್ದಾರೆ. ಎಷ್ಟೋ ಸಲ ಹಾಗೇ ಆಗುತ್ತದೆ, ನಿಜ. ಆದರೆ ನಮ್ಮ ಕಡೆ ಒಂದು ಟ್ರಾನ್ಸ್‌ಫಾರ್ಮರಿಗೆ ಇರುವುದೇ ಕೆಲವು ಮನೆ. ಕರೆಂಟಿಲ್ಲದ ದಿನ ಅವರೂ ಮೇನ್ ತೆಗೆದಿದ್ದರೆ ಲೋಡೇ ಇರುವುದಿಲ್ಲ. ಒಂದು ಲೆಕ್ಕ ನೋಡಿ. 2 ಕೆವಿಎ ಅಂದರೆ 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್. ಅದೇ ಶಕ್ತಿ 10,000 ವೋಲ್ಟಿಗೆ ಏರಿದರೆ 0.2 ಆಂಪಿಯರ್, ಅಂದರೆ 200 ಮಿಲಿಆಂಪಿಯರ್. ಕೇಳಲು ಕಡಿಮೆ, ಅಲ್ವಾ? ಮನುಷ್ಯನನ್ನು ಉಳಿಸಲಿಕ್ಕೆ ಮನೆಯಲ್ಲಿ ಹಾಕುವ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) 30 ಮಿಲಿಆಂಪಿಯರ್ ಸೋರುವಷ್ಟರಲ್ಲೇ ಬೀಳಬೇಕು. ಕಂಬದ ಮೇಲೆ ಇರುವವನಿಗೆ ಅಂಥ ಕಾವಲು ಇಲ್ಲ.

ನಷ್ಟ ನಮ್ಮ ಕಡೆಗೂ ಇದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಕಾಳಿ ನದಿಯ ನಾಗಝರಿ, ಕದ್ರಾ, ಈಚೆ ಕೈಗಾ, ಈ ವಿದ್ಯುತ್ ಕೇಂದ್ರಗಳ ಎಲ್ಲ ಯಂತ್ರಗಳೂ ಒಂದೇ ತಾಳಕ್ಕೆ ನಡೆಯುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಲೈನು ಜೋಡಿಸಿದ ಮೇಲೆ ಇಡೀ ದೇಶದ ಗ್ರಿಡ್ಡಿಗೆ, ಅಂದರೆ ವಿದ್ಯುತ್ ಜಾಲಕ್ಕೆ, ಒಂದೇ ತಾಳ. ಜಗಲಿಯ ಹೊರಗಿನ ಪುಟ್ಟ ಜನರೇಟರು ಮಾತ್ರ ತನ್ನದೇ ಲಯದಲ್ಲಿ ತಿರುಗುತ್ತಿರುತ್ತದೆ. ಅಷ್ಟರಲ್ಲಿ ಲೈನಿಗೆ ಕರೆಂಟು ಬಂತು ಅನ್ನಿ. 230 ವೋಲ್ಟಿನ ಅಲೆಯ ತುದಿ 325 ವೋಲ್ಟ್. ಒಂದು ಅಲೆ ಮೇಲಿನ ತುದಿಯಲ್ಲಿ, ಇನ್ನೊಂದು ಕೆಳಗಿನ ತುದಿಯಲ್ಲಿ ಇದ್ದರೆ ನಡುವೆ 650 ವೋಲ್ಟಿನ ಅಂತರ. ಜನರೇಟರಿನ ಕಾಯಿಲು ಸುಟ್ಟುಹೋಗುತ್ತದೆ.

ಇದಕ್ಕೆಲ್ಲ ಪರಿಹಾರ ಚೇಂಜ್‌ಓವರ್ ಸ್ವಿಚ್. ಒಂದು ಹಿಡಿಕೆ, ಮೂರು ಜಾಗ: ಲೈನು, ನಡುವೆ ಆಫ್, ಆಮೇಲೆ ಜನರೇಟರ್. ಒಂದು ಕಡೆಯ ಸಂಪರ್ಕ ಪೂರ್ತಿ ಬಿಡದೆ ಇನ್ನೊಂದು ಕಡೆ ತಾಗಲಿಕ್ಕೇ ಆಗುವುದಿಲ್ಲ. ಮಾವನ ನೆನಪಿನ ಮೇಲೆ ನಿಂತಿದ್ದ ಕೆಲಸವನ್ನು ಈಗ ಒಂದು ಕಬ್ಬಿಣದ ಹಿಡಿಕೆ ಮಾಡುತ್ತದೆ. ನನಗೆ ಈ ಸ್ವಿಚ್ಚಿನ ಮೇಲೆ ಇಷ್ಟು ಪ್ರೀತಿ ಅದಕ್ಕೇ. ಅದು ಮೀಟರಿಗೂ ಮನೆಯ ಡಿಬಿಗೂ (ಕೋಣೆಗಳಿಗೆ ಕರೆಂಟು ಹಂಚುವ ಪೆಟ್ಟಿಗೆ) ನಡುವೆ ಕೂರಬೇಕು. ಫೇಸ್ ಒಂದನ್ನೇ ಅಲ್ಲ, ನ್ಯೂಟ್ರಲ್ಲನ್ನೂ ಬದಲಿಸುವ ಡಬಲ್ ಪೋಲ್ ಸ್ವಿಚ್ಚೇ ಬೇಕು. ತ್ರೀ ಫೇಸ್ ಮನೆಯಾದರೆ ಫೋರ್ ಪೋಲ್. ಜನರೇಟರಿಗೆ ಸರಿಯಾದ ಅರ್ಥಿಂಗ್ ಕೊಡಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಇದನ್ನೆಲ್ಲ ಮಾಡಲಿ. ಆ ಎರಡು ತುದಿಯ ವಯರನ್ನು ಕತ್ತರಿಸಿ ಹಾಕಿ. ಅದರ ಒಂದು ತುದಿ ಸಾಕೆಟ್ಟಿನಿಂದ ಕಳಚಿದರೆ ಹೊರಗೆ ಕಾಣುವ ಪಿನ್ನುಗಳಲ್ಲೇ ಕರೆಂಟಿರುತ್ತದೆ.

2 ಕೆವಿಎಯಲ್ಲಿ ತೋಟದ ಪಂಪು ನಡೆಯುತ್ತದೆ ಅಂದುಕೊಳ್ಳಬೇಡಿ. 1 ಎಚ್‌ಪಿ ಅಂದರೆ 746 ವ್ಯಾಟ್, ಸರಿ. ಆದರೆ ಮೋಟರು ಹೊರಡುವ ಗಳಿಗೆಯಲ್ಲಿ ಐದಾರು ಪಟ್ಟು ಜಾಸ್ತಿ ಕರೆಂಟು ಎಳೆಯುತ್ತದೆ.

ಮಳೆ ಅಂತ ಜನರೇಟರನ್ನು ಕೊಟ್ಟಿಗೆಯೊಳಗೆ, ಮುಚ್ಚಿದ ಜಗಲಿಯಲ್ಲಿ ಇಡಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಕಿಟಕಿ ಬಾಗಿಲಿಂದ ದೂರ, ಬಯಲಿನಲ್ಲಿ, ಮೇಲೊಂದು ಮಾಡು ಮಾತ್ರ ಇರಲಿ.

ಚೇಂಜ್‌ಓವರ್ ಹಾಕಿದ ಮೇಲೆ ಮಾವನಿಗೆ ಒಂದು ಹೊಸ ತೊಂದರೆ ಬಂತು. ಮನೆಯೆಲ್ಲ ಜನರೇಟರಿನಲ್ಲಿ ಇರುವಾಗ ಲೈನಿಗೆ ಕರೆಂಟು ಬಂದದ್ದು ಗೊತ್ತಾಗುವುದು ಹೇಗೆ? ಎಲೆಕ್ಟ್ರಿಷಿಯನ್ ಹುಡುಗ ಸ್ವಿಚ್ಚಿನ ಲೈನ್ ಕಡೆಗೆ ಒಂದು ಸಣ್ಣ ಕೆಂಪು ಇಂಡಿಕೇಟರ್ ಹಾಕಿಕೊಟ್ಟ. ಅದು ಹೊತ್ತಿದರೆ ಮಾವ ಎದ್ದು, ಹಿಡಿಕೆಯನ್ನು ಆಫ್‌ಗೆ ತಂದು, ಆಮೇಲೆ ಲೈನ್ ಕಡೆ ತಿರುಗಿಸುತ್ತಾರೆ. ಜನರೇಟರನ್ನು ಲೋಡ್ ಇಲ್ಲದೆ ಎರಡು ನಿಮಿಷ ಓಡಿಸಿ ತಣಿಸಿ, ನಿಲ್ಲಿಸುತ್ತಾರೆ.