ಕಾಯಲು ಬಾರದ ಬೀಜ

ಕಾರ್ಕಳ, ಮೂಡುಬಿದಿರೆ ಕಡೆಯ ಹಳೆ ರಸ್ತೆಗಳ ಬದಿಯಲ್ಲಿ ಈಗಲೂ ಅಲ್ಲಲ್ಲಿ ದೊಡ್ಡ ಧೂಪದ ಮರಗಳಿವೆ. ಯಾರೋ ಸಾಲಾಗಿ ನೆಟ್ಟು ಬೆಳೆಸಿದವು. ಇದರ ಅಸಲಿ ಮನೆ ಘಟ್ಟದ ಬುಡದ ನಿತ್ಯಹಸಿರು ಕಾಡು. ಅಲ್ಲಿ 40 ಮೀಟರ್ ಎತ್ತರಕ್ಕೂ ಹೋಗುತ್ತದೆ. ಅಂಟು ಧೂಪಕ್ಕೆ, ಬೀಜದ ಕೊಬ್ಬು ಸೋಪಿಗೆ, ಮರ ಪ್ಲೈವುಡ್ಡಿಗೆ, ಹಿಂದೆ ಟೀ ಪೆಟ್ಟಿಗೆಗೂ. ಇದೆಲ್ಲ ನಿಮಗೆ ಗೊತ್ತಿರಬಹುದು. ನನಗೆ ಹುಚ್ಚು ಹಿಡಿಸಿರುವುದು ಇದರ ಬೀಜ.

ಮಳೆ ಶುರುವಾದ ಮೇಲೆ ಮರದ ಕೆಳಗೆ ಬಗ್ಗಿ ನೋಡಿ. ಎರಡು ಇಂಚು ಉದ್ದದ ಕಂದು ಕಾಯಿಗಳು ಮೂರು ಹೋಳಾಗಿ ಬಿರಿದು ಬಿದ್ದಿರುತ್ತವೆ. ಎಷ್ಟೋ ಕಾಯಿಗಳ ಬಿರುಕಿನಿಂದ ದಪ್ಪ ಬೇರು ಹೊರಬಂದು ಆಗಲೇ ಮಣ್ಣಿಗೆ ಇಳಿದಿರುತ್ತದೆ. ಇಷ್ಟೇಕೆ ಅವಸರ?

ರಾಗಿಗೆ ಈ ಅವಸರ ಇಲ್ಲ. ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ರಾಗಿ ತೆನೆಯಲ್ಲೇ ಒಣಗುತ್ತದೆ. ಒಣಗುವ ಮೊದಲು ಅದರ ಜೀವಕೋಶಗಳಲ್ಲಿ ಸಕ್ಕರೆ ಮತ್ತು ಕೆಲವು ವಿಶೇಷ ಪ್ರೋಟೀನುಗಳು ತುಂಬಿಕೊಳ್ಳುತ್ತವೆ. ಕಡಲೆಮಿಠಾಯಿಯ ಪಾಕ ಆರಿದಾಗ ಗಟ್ಟಿಯಾಗಿ ಕಡಲೆಬೀಜವನ್ನು ಇದ್ದಲ್ಲೇ ಹಿಡಿದುಬಿಡುತ್ತದಲ್ಲ, ಹಾಗೇ ಇಲ್ಲೂ. ನೀರು ಹೋದಂತೆ ಈ ಸಕ್ಕರೆ ಗಾಜಿನಂತಾಗಿ ಪೊರೆ, ಪ್ರೋಟೀನು, ಡಿಎನ್ಎ ಎಲ್ಲವನ್ನೂ ಅಲುಗದಂತೆ ಹಿಡಿಯುತ್ತದೆ. ಉಸಿರಾಟ ಹೆಚ್ಚುಕಡಿಮೆ ನಿಲ್ಲುತ್ತದೆ. ನೀರು ಬಿದ್ದರೆ ಪಾಕ ಕರಗಿ ಜೀವ ಮತ್ತೆ ಶುರು. ಇಸ್ರೇಲಿನ ಮಸಾದಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜ 2005ರಲ್ಲಿ ಮೊಳೆತದ್ದು ಹೀಗೇ ಒಣಗಿ ಕಾದಿದ್ದರಿಂದ.

ಧೂಪದ ಬೀಜ ಈ ಪಾಕದ ಹಂತಕ್ಕೇ ಬರುವುದಿಲ್ಲ. ಮರದಿಂದ ಬೀಳುವಾಗಲೂ ಹಸಿ, ಉಸಿರಾಟವೂ ಜೋರು. ಒಣಗಿಸಿದರೆ ಜೀವಕೋಶದ ಪೊರೆಗಳು ಕುಸಿದು ಸಾಯುತ್ತದೆ. ಫ್ರೀಜರ್‌ನಲ್ಲಿಟ್ಟರೆ ಒಳಗಿನ ನೀರು ಮಂಜುಗಡ್ಡೆಯಾಗಿ ಕೋಶಗಳನ್ನು ಸೀಳುತ್ತದೆ. ಹಾಗಾಗಿ 2008ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ ತೆರೆದ, ಬೀಜಗಳನ್ನು ಒಣಗಿಸಿ ಹೆಪ್ಪುಗಟ್ಟಿಸಿ ಇಡುವ ಭಂಡಾರದಲ್ಲಿ ಇಂಥವಕ್ಕೆ ಜಾಗವಿಲ್ಲ. ಮಾವು, ಹಲಸಿನ ಬೀಜಗಳೂ ಇದೇ ಥರ. ಬಿದ್ದ ಕೂಡಲೇ ಮಳೆ ಸಿಗುವ ಕಾಡಿನಲ್ಲಿ ಒಣಗಿ ಕಾಯುವ ವಿದ್ಯೆ ಯಾಕೆ ಬೇಕು? ಕಾದರೆ ಹುಳವೋ ಹೆಗ್ಗಣವೋ ತಿಂದು ಮುಗಿಸುತ್ತದೆ, ಅಷ್ಟೇ.

ಇದನ್ನು ತಿಳಿಯದೆ ಬೇಸಿಗೆಯಲ್ಲಿ ಕಾಡುಮರದ ಬೀಜಗಳನ್ನೆಲ್ಲ ಒಣಗಿಸಿ, ಮಣ್ಣುಂಡೆ ಕಟ್ಟಿ, ಮಳೆಗಾಲದಲ್ಲಿ ಬೆಟ್ಟದ ಮೇಲೆ ಎಸೆದು ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹುಣಸೆಗೆ, ಹೊಂಗೆಗೆ ಸರಿ. ಧೂಪಕ್ಕೆ ಅದು ಸುಮ್ನೆ ಶವಸಂಸ್ಕಾರ. ಹೆಕ್ಕಿದ ಕೆಲವೇ ದಿನಗಳಲ್ಲಿ ನರ್ಸರಿಯ ನೆರಳಿಗೆ ಹಾಕಿದರೆ ಮಾತ್ರ ಬದುಕುತ್ತದೆ.

ಇನ್ನೊಂದು ತಮಾಷೆ ಇದೆ. ಈ ಬೀಜಕ್ಕೆ ದೂರ ಹೋಗುವುದೂ ಬಾರದು. ನೆಂಟ ಮರಗಳ ಕಾಯಿಗಿರುವ ರೆಕ್ಕೆ ಇದಕ್ಕಿಲ್ಲ, ರೆಕ್ಕೆ ಇರುವವೂ ಗಾಳಿಯಲ್ಲಿ ಬಹುಪಾಲು ಮರದ ಸುತ್ತಮುತ್ತಲೇ ಬೀಳುತ್ತವೆ. ಉಪ್ಪುನೀರಿನಲ್ಲಿ ಸಾಯುತ್ತವೆ. ಆದರೂ ಈ ಕುಟುಂಬದ ಮರಗಳು ಘಟ್ಟದಲ್ಲಿವೆ, ಶ್ರೀಲಂಕಾದಲ್ಲಿವೆ, ಸಮುದ್ರದ ನಡುವಿನ ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ ಒಂದು ಜಾತಿ ಇದೆ, ಆಗ್ನೇಯ ಏಷ್ಯಾದ ಬೋರ್ನಿಯೊ ದ್ವೀಪದಲ್ಲಂತೂ 250ಕ್ಕೂ ಜಾಸ್ತಿ. ಹೋದದ್ದು ಹೇಗೆ? ನೆಲವೇ ಹೊತ್ತುಕೊಂಡು ಹೋಯಿತು ಎಂಬುದು ಈಗ ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಉತ್ತರ. ಆಫ್ರಿಕಾ ಕಡೆಯಿಂದ ಬಂದ ಮರಗಳು ಆಗ ಬೇರೆಯೇ ಭೂಖಂಡದ ತುಂಡಾಗಿದ್ದ ಭಾರತವನ್ನೇರಿ ಉತ್ತರಕ್ಕೆ ತೇಲಿದವು. ದಾರಿಯಲ್ಲಿ ಸೇಶೆಲ್ಸ್ ಕಳಚಿಕೊಂಡಿತು. ಭಾರತ ಏಷ್ಯಾಕ್ಕೆ ತಾಗಿದ ಮೇಲೆ ಅವು ನೆಲದ ದಾರಿಯಲ್ಲೇ ಪೂರ್ವಕ್ಕೆ ಹಬ್ಬಿದವು.

ಸಾಕ್ಷಿ ಗುಜರಾತಿನಲ್ಲಿದೆ. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಟು ಕಲ್ಲಾಗಿ ಸಿಕ್ಕಿದೆ. ಒಳಗೆ ಜೇನುನೊಣ, ಇರುವೆ, ಗೆದ್ದಲು ಇವೆ. ರಾಸಾಯನಿಕ ಪರೀಕ್ಷೆಯಲ್ಲಿ ಅದು ಧೂಪದ ಕುಟುಂಬದ ಅಂಟೇ ಎಂದು ಗೊತ್ತಾಗಿ 2010ರಲ್ಲಿ ಪ್ರಕಟವಾಯಿತು. ಆಗ ಅಲ್ಲಿದ್ದದ್ದು ನಿತ್ಯಹಸಿರು ಕಾಡು. ಮಳೆಯ ತಿಂಗಳು ಕಡಿಮೆಯಾದಂತೆ ಆ ಕಾಡು ಅಲ್ಲಿಂದ ಅಳಿಯಿತು. ಈಗ ಅದೇ ಕುಟುಂಬದ ಮೆರಂಟಿ ದಿಮ್ಮಿಗಳು ಬೋರ್ನಿಯೊದ ಸರಾವಾಕ್‌ನಿಂದ ಹಡಗಿನಲ್ಲಿ ಬಂದು ಅದೇ ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ಇಳಿಯುತ್ತವೆ, ಪ್ಲೈವುಡ್ ಆಗಲು.