ಮರಳುಗಾಡಿನಲ್ಲಿ ಮೊದಲು ನೆರಳು ಹುಡುಕಿ

ಮರಳುಗಾಡಿಗೆ ಹೋಗಿ ಬಂದವರು ಫೋಟೋ ತೋರಿಸಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಣ್ಣಿಗೆ ಅಷ್ಟು ಚೆನ್ನಾಗಿ ಕಂಡದ್ದು ಇಲ್ಲಿ ಯಾಕೆ ಇಷ್ಟು ಸಪ್ಪೆ? ತೆಗೆದ ಹೊತ್ತು ನೋಡಿದರೆ ಬಿಸಿಲು ನೆತ್ತಿಗೇರಿದ ಮೇಲಿನದ್ದು. ಮರಳಿಗೆಲ್ಲ ಹೆಚ್ಚುಕಮ್ಮಿ ಒಂದೇ ಬಣ್ಣ ಅಲ್ವಾ? ದಿಬ್ಬಕ್ಕೆ ಆಕಾರ ಬರುವುದೇ ನೆರಳಿನಿಂದ.

ಇದರಲ್ಲಿ ಸ್ವಲ್ಪ ಲೆಕ್ಕವಿದೆ. ದಿಬ್ಬದ ಒಂದು ಬದಿ, ಗಾಳಿ ಬೀಸುವ ಕಡೆಯದು, ನಿಧಾನಕ್ಕೆ ಏರುತ್ತದೆ. ಅಂಚು ದಾಟಿದ ಮರಳು ಆಚೆ ಬದಿಗೆ ಜಾರುತ್ತದೆ. ಒಣ ಮರಳು ಸುಮಾರು 32ರಿಂದ 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ. ಹಾಗಾಗಿ ದಿಬ್ಬದ ಹಿಂದೆ ಹುಟ್ಟಿದ ಸೂರ್ಯ ಅಷ್ಟು ಎತ್ತರಕ್ಕೆ ಬಂದರೆ ಜಾರುವ ಬದಿಯ ಮೇಲೂ ಬಿಸಿಲು ಬೀಳುತ್ತದೆ, ಚೂಪಾದ ಅಂಚು ಮಸುಕಾಗುತ್ತದೆ. ಭೂಮಧ್ಯರೇಖೆಯ ಹತ್ತಿರದ ನಾಡುಗಳಲ್ಲಿ ಸೂರ್ಯ ಗಂಟೆಗೆ ಹತ್ತಿರ ಹತ್ತಿರ 15 ಡಿಗ್ರಿ ಏರುತ್ತಾನೆ. ಅಂದರೆ ನಿಮ್ಮ ಕೈಯಲ್ಲಿರುವುದು ಎರಡು ಗಂಟೆ, ಸ್ವಲ್ಪ ಜಾಸ್ತಿ. ನೆಲದ ಮೇಲಿನ ಸಣ್ಣ ಅಲೆಗಳ ನೆರಳು ಅದಕ್ಕೂ ಬಹಳ ಮುಂಚೆ ಹೋಗಿಬಿಡುತ್ತದೆ. ಬೆಳಗ್ಗೆ ಮೊದಲು ಅಲೆ, ಆಮೇಲೆ ದಿಬ್ಬ. ಸಂಜೆ ಇದೇ ಉಲ್ಟಾ. ಜಾರುವ ಬದಿಯೇ ಪೂರ್ವಕ್ಕಿದ್ದರೆ ಆ ದಿಬ್ಬವನ್ನು ಸಂಜೆಗೆ ಇಟ್ಟುಕೊಳ್ಳಿ.

ಎಕ್ಸ್‌ಪೋಶರ್ (ಫೋಟೋಗೆ ಎಷ್ಟು ಬೆಳಕು ಬಿಡುವುದು) ವಿಷಯದಲ್ಲಿ ಹೊತ್ತಿಗೆ ತಕ್ಕಂತೆ ನಿಯಮವೂ ಬದಲಾಗುತ್ತದೆ. ಹೊಳೆಯುವ ಮರಳನ್ನು ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ನಡುಬೂದು (ಬಿಳಿ-ಕಪ್ಪಿನ ನಡುವಿನ ಬೂದು) ಎಂದು ತಿಳಿದು ಕಪ್ಪಾಗಿಸುತ್ತದೆ. ಹಗಲಿನಲ್ಲಿ ಒಂದು ಸ್ಟಾಪ್, ಅಂದರೆ ಎರಡರಷ್ಟು ಬೆಳಕು, ಜಾಸ್ತಿ ಮಾಡಿ ಕೊಡಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ವೈಟ್ ಸ್ಯಾಂಡ್ಸ್‌ನಂಥ ಬೆಳ್ಳನೆಯ ಜಿಪ್ಸಮ್ ಮರಳಿಗೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಆದರೆ ಇಳಿಬಿಸಿಲಿನಲ್ಲಿ ಇದೇ ಅಭ್ಯಾಸ ಕೈಕೊಡುತ್ತದೆ. ಕೇಸರಿ ಮರಳಿನ ಮೇಲೆ ಕೇಸರಿ ಬೆಳಕು ಬಿದ್ದಾಗ ಕೆಂಪು ಚಾನೆಲ್ (ಫೋಟೋದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಕೆಂಪಿನದು) ಎಲ್ಲಕ್ಕಿಂತ ಮೊದಲು ತುಂಬಿ ಹರಿಯುತ್ತದೆ. ಸಾಧಾರಣ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬೆಳಕು ತೋರಿಸುವ ಗ್ರಾಫ್) ಮಾತ್ರ ಎಲ್ಲ ಸರಿಯಿದೆ ಅನ್ನುತ್ತಿರುತ್ತದೆ. ಮೂರೂ ಬಣ್ಣ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಕೆಂಪು ಬಲಗಡೆ ಗೋಡೆಗೆ ತಾಗಿದ್ದರೆ ಎಕ್ಸ್‌ಪೋಶರ್ ಇಳಿಸಿ.

ಬೆಳಕಿನ ಬಣ್ಣವನ್ನು ಕ್ಯಾಮೆರಾ ತಾನೇ ತಿದ್ದುವ ಆಟೋ ವೈಟ್ ಬ್ಯಾಲೆನ್ಸ್ ನನಗೆ ಇಲ್ಲಿ ಸುತರಾಂ ಇಷ್ಟವಿಲ್ಲ. ಬಿಸಿಲು ಬಿದ್ದ ಮರಳು ಚಿನ್ನದ ಬಣ್ಣ, ನೆರಳು ಆಕಾಶದ ಬೆಳಕಿನಿಂದ ನೀಲಿ. ಈ ಜೋಡಿಗಾಗಿಯೇ ಅಷ್ಟು ದೂರ ಹೋಗಿರುತ್ತೇವೆ. ಆಟೋ ಬಿಟ್ಟರೆ ಅದು ಚಿನ್ನದ ಬಣ್ಣವನ್ನೇ ತಪ್ಪೆಂದು ತಿದ್ದಲು ಹೊರಡುತ್ತದೆ. ಡೇಲೈಟ್‌ಗೆ ಇಟ್ಟು ಮರೆತುಬಿಡಿ.

ನಮೀಬಿಯಾದ ಡೆಡ್‌ವ್ಲೇ ಈ ಪಾಠಕ್ಕೆಲ್ಲ ಒಳ್ಳೆಯ ಜಾಗ. ಬಿಳಿ ಜೇಡಿನ ಬಯಲು, ಒಣಗಿ ಕಪ್ಪಾದ ಮರಗಳು, ಸುತ್ತ ಎತ್ತರದ ಕೆಂಪು ದಿಬ್ಬಗಳು. ಬೆಳಗ್ಗೆ ಹಿಂದಿನ ದಿಬ್ಬಕ್ಕೆ ಬಿಸಿಲು ಬಿದ್ದಿರುತ್ತದೆ, ಬಯಲು ಇನ್ನೂ ನೆರಳಿನಲ್ಲಿರುತ್ತದೆ. ಆಗ ದಿಬ್ಬಕ್ಕೆ ಅಳತೆ ಮಾಡಿ ಎಕ್ಸ್‌ಪೋಶರ್ ಇಡಬೇಕು. ಮರ ಬರೀ ಕಪ್ಪು ಆಕಾರವಾಗುತ್ತದೆ, ಆಗಲಿ ಬಿಡಿ. ಲಾಂಗ್ ಲೆನ್ಸ್ ಹಾಕಿ ಆಕಾಶವನ್ನು ಪೂರ್ತಿ ಹೊರಗಿಟ್ಟರೆ ಹಿನ್ನೆಲೆಯೆಲ್ಲ ಕೆಂಪು. ನೆರಳಿನ ಗೆರೆ ಇಳಿಯುತ್ತ ಮರದ ಬುಡಕ್ಕೆ ಬರುವ ತನಕ ಅಲ್ಲೇ ನಿಲ್ಲಿ. ಸುಮ್ನೆ ಮರದಿಂದ ಮರಕ್ಕೆ ಓಡಿದವರಿಗೆ ಒಂದೂ ಸರಿಯಾಗಿ ಸಿಗುವುದಿಲ್ಲ.

ಸೂರ್ಯ ಮುಳುಗಿದ ತಕ್ಷಣ ಬ್ಯಾಗ್ ಕಟ್ಟುವವರೇ ಜಾಸ್ತಿ. ಬೆನ್ನು ತಿರುಗಿಸಿ ಪೂರ್ವಕ್ಕೆ ನೋಡಿ: ದಿಗಂತದಲ್ಲಿ ಬೂದುನೀಲಿ ಪಟ್ಟಿ ಏಳುತ್ತದೆ, ಅದು ಭೂಮಿಯದೇ ನೆರಳು. ಅದರ ಮೇಲೆ ಗುಲಾಬಿ ಪಟ್ಟಿ. ಚೂಪು ನೆರಳು ಇರುವುದಿಲ್ಲ, ಆದರೆ ದಿಬ್ಬಗಳ ಬಾಗು ಮೆತ್ತಗೆ ಕಾಣುತ್ತದೆ. ಟ್ರೈಪಾಡ್ ಬೇಕೇ ಬೇಕು. ಕಾಲುಗಳನ್ನು ಗಟ್ಟಿ ತಾಗುವ ತನಕ ಮರಳಿಗೆ ಒತ್ತಿ, ಕೆಳಗಿನ ತುಂಡನ್ನು ಹೊರಗೆಳೆದೇ ಇಡಿ. ಅದರ ಲಾಕ್ ಮರಳಿನೊಳಗೆ ಹೋದರೆ ಆಮೇಲೆ ಕಿರ್ರೆನ್ನುತ್ತದೆ. ಲೆನ್ಸ್ ಮೇಲೆ ಕೂತ ಮರಳನ್ನು ಬಟ್ಟೆಯಿಂದ ಒರೆಸಲೇಬೇಡಿ, ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಿಂದ ಊದಿ. ಗಾಳಿ ಇರುವಾಗ ಲೆನ್ಸ್ ಬದಲಿಸುವ ಕೆಲಸವನ್ನು ಗಾಡಿಯೊಳಗೆ ಮಾತ್ರ ಮಾಡಿ.